ಪಾಳುಮನೆಯೂ ಸರ್ಕಾರದ ಹಣವೂ

ಮಲೆನಾಡಿನಲ್ಲಿರುವ ನಮ್ಮ ಹಿರಿಯರ ಮನೆಯ ಅಡುಗೆಮನೆಯ ಗೋಡೆ ಕುಸಿದು ಮೂರು ಮಳೆಗಾಲಗಳಾದುವು. ಅದು ಕುಸಿದದ್ದು ಒಂದು ರಾತ್ರಿಯಲ್ಲಾದರೂ ಅದಕ್ಕೆ ಬೇಕಾದ ಸಿದ್ಧತೆ ಬಹಳ ವರ್ಷಗಳಿಂದ ನಡೆದಿತ್ತು. ಮೊದಲು ಮಂಗನೊಂದು ಮಾಡಿನ ಮೇಲೆ ಹಾರಿ ಎರಡು ಹೆಂಚುಗಳನ್ನು ಜಾರಿಸಿತು. ಮನೆಯಲ್ಲಿ ಜನವಿದ್ದಿದ್ದರೆ ಅದನ್ನು ಸರಿಪಡಿಸುವುದು ಅರ್ಧ ಗಂಟೆಯ ಕೆಲಸ. ಜನವಿರಲಿಲ್ಲವಾಗಿ ಆ ಸಂದಿನಿಂದ ನೀರಿಳಿಯಿತು, ರೀಪು ನೆನೆಯಿತು, ಪಕಾಸಿಗೆ ಗೆದ್ದಲು ಹತ್ತಿತು, ಕಡೆಗೆ ಮಣ್ಣಿನ ಗೋಡೆಯ ತಲೆಯೊಳಗೆ ನೀರು ಹೊಕ್ಕಿತು. ತಲೆ ನೆನೆದ ಮಣ್ಣುಗೋಡೆ ಎಷ್ಟು ಕಾಲ ನಿಂತೀತು? ನಾವು ಅಣ್ಣತಮ್ಮಂದಿರು ನಾಲ್ವರು, ನಾಲ್ಕು ಊರುಗಳಲ್ಲಿ ಇದ್ದೇವೆ. ಹೆಂಚನ್ನು ಮತ್ತೊಬ್ಬನು ಸರಿಮಾಡಿಸಿಯಾನು ಎಂದು ಪ್ರತಿಯೊಬ್ಬನೂ ನಂಬಿದ್ದೆವು.

ಈ ಮನೆಮಾತನ್ನು ಓದುಗರ ಮುಂದಿಡಲು ಪ್ರೇರಣೆಯಾದುದು ಕಳೆದ ತಿಂಗಳು ನನಗೆ ಬಂದ ಒಂದು ಪತ್ರ. ಹಿಂದೊಮ್ಮೆ ನನ್ನ ತರಗತಿಯಲ್ಲಿ ಕುಳಿತಿದ್ದ ತರುಣನೊಬ್ಬನು ಈಗ ಐರ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಆ ದೇಶದ ಪಶ್ಚಿಮಕ್ಕಿರುವ ಗಾಲ್ವೇ ಸೀಮೆಯಲ್ಲಿ, ಗೋರ್ಟ್ ಎಂಬ ಚಿಕ್ಕ ಪಟ್ಟಣಕ್ಕೆ ಸಮೀಪದಲ್ಲಿ, ಅವನೂ ಅವನ ಹೆಂಡತಿಯೂ ಒಂದು ಕಲ್ಲಿನ ಮನೆಯನ್ನು ನೋಡಿ ಬಂದಿದ್ದಾರೆ. ಮಾಡು ಅರ್ಧ ಕುಳಿತಿದೆ, ಒಲೆಯ ಮೇಲಿನ ಹೊಗೆಗೂಡಿನಲ್ಲಿ ಕಾಗೆಗಳು ಗೂಡು ಕಟ್ಟಿವೆ. ಅದನ್ನು ಕೊಂಡು ನೆಟ್ಟಗೆ ಮಾಡಿಕೊಂಡರೆ ಸರ್ಕಾರ ಹಣ ಕೊಡುತ್ತದಂತೆ. ಇಷ್ಟನ್ನು ಉತ್ಸಾಹದಿಂದ ಬರೆದವನು ಕೊನೆಯಲ್ಲಿ ತನಗೆ ಧೈರ್ಯ ಸಾಲದೆಂದು ಸೇರಿಸಿದ್ದಾನೆ. ಸರ್ಕಾರವೇ ಕೈನೀಡಿರುವಾಗ ಅಧೈರ್ಯವೇಕೆಂದು ಆ ಯೋಜನೆಯ ವಿವರಗಳನ್ನು ನಾನೂ ತರಿಸಿ ಓದಿದೆ.

ಐರ್ಲೆಂಡ್ ಸರ್ಕಾರ ಖಾಲಿ ಮನೆಗಳ ಜೀರ್ಣೋದ್ಧಾರಕ್ಕೆ ಸಹಾಯಧನವನ್ನು ಆರಂಭಿಸಿದ್ದು 2022ರ ಜುಲೈನಲ್ಲಿ. ನಿಧಿಯ ಹೆಸರು ಐರಿಷ್ ಭಾಷೆಯಲ್ಲಿ 'ಕ್ರೀ ಕೋನಿಹ'. ಸುಮಾರಾಗಿ 'ವಾಸದ ಹೃದಯ' ಎಂದು ಅರ್ಥ. ಸರ್ಕಾರಿ ಯೋಜನೆಯೊಂದಕ್ಕೆ ಇಷ್ಟು ಅರ್ಥವತ್ತಾದ ಹೆಸರು ಅಪರೂಪವೇ ಸರಿ. ಮೊದಲು ಪಟ್ಟಣ ಹಳ್ಳಿಗಳಿಗೆ ಮಾತ್ರ ಇದ್ದುದು ಆ ವರ್ಷದ ನವೆಂಬರಿನಲ್ಲಿ ನಗರಗಳಿಗೂ ಒಂಟಿಮನೆಗಳ ಗ್ರಾಮಾಂತರಕ್ಕೂ ಹಬ್ಬಿತು. 2023ರ ಮೇ ತಿಂಗಳಲ್ಲಿ ಮೊತ್ತವನ್ನು ಏರಿಸಿದರು: ಬರಿದೆ ಖಾಲಿ ಬಿದ್ದಿರುವ ಮನೆಗೆ 50,000 ಯೂರೋ, ಕುಸಿಯುವಷ್ಟು ಜೀರ್ಣವಾದುದೆಂದು ತಜ್ಞರ ವರದಿಯಿದ್ದರೆ 70,000 ಯೂರೋ ವರೆಗೆ. ನಮ್ಮ ಲೆಕ್ಕದಲ್ಲಿ ಎರಡನೆಯದು 60 ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಕಡಲಿನ ನಡುವಣ ದ್ವೀಪಗಳಿಗೆ ಸಾಮಾನು ಸಾಗಿಸುವುದು ಕಷ್ಟವೆಂದು ಅಲ್ಲಿಯ ಮನೆಗಳಿಗೆ 60,000 ಮತ್ತು 84,000. ಮನೆ 2007ರೊಳಗೆ ಕಟ್ಟಿದ್ದಾಗಿರಬೇಕು, ಎರಡು ವರ್ಷಗಳಿಂದಾದರೂ ಖಾಲಿ ಇರಬೇಕು.

ನನಗೆ ಮೆಚ್ಚುಗೆಯಾದುದು ಇವಾವುದಕ್ಕಿಂತಲೂ ಮುಂದಿನ ನಿಬಂಧನೆ. ಹಣ ಪಡೆದವನು ಆ ಮನೆಯಲ್ಲಿ ತಾನು ವಾಸಮಾಡಬೇಕು, ಇಲ್ಲವೆ ಬೇರೊಬ್ಬರಿಗೆ ಬಾಡಿಗೆಗೆ ಕೊಡಬೇಕು. ಐದು ವರ್ಷದೊಳಗೆ ಮಾರಿದರೆ ಪಡೆದುದನ್ನು ಪೂರ್ತಿಯಾಗಿ ಹಿಂದಕ್ಕೆ ಕೊಡತಕ್ಕದ್ದು. ಐದರಿಂದ ಹತ್ತು ವರ್ಷದೊಳಗಾದರೆ ಮುಕ್ಕಾಲು ಪಾಲು. ಅಂದರೆ ಸರ್ಕಾರ ಹಣ ಕೊಡುವುದು ಗೋಡೆಗಲ್ಲ, ಗೋಡೆಗಳ ನಡುವೆ ಉರಿಯಬೇಕಾದ ಒಲೆಗೆ.

ಆ ದೇಶದಲ್ಲಿ ಇಷ್ಟೊಂದು ಪಾಳುಮನೆಗಳು ಏಕೆ ಎಂದು ಕೇಳುವ ವಿದ್ಯಾರ್ಥಿ ಇತಿಹಾಸವನ್ನು ತುಸು ನೆನೆಯಬೇಕು. 1841ರಲ್ಲಿ ಆ ದ್ವೀಪದಲ್ಲಿ 80 ಲಕ್ಷಕ್ಕೂ ಮಿಕ್ಕ ಜನರಿದ್ದರು. 1845ರಲ್ಲಿ ಆಲೂಗೆಡ್ಡೆಗೆ ರೋಗ ಬಂತು. ಬಡವರ ಅನ್ನವೇ ಅದಾಗಿದ್ದುದರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ, ಇನ್ನೂ ಹೆಚ್ಚೇ, ಹಡಗು ಹತ್ತಿದರು. ಹತ್ತುವ ರೂಢಿ ಮುಂದೆ ನೂರು ವರ್ಷ ನಿಲ್ಲಲಿಲ್ಲ. 2021 ಮತ್ತು 2022ರ ಗಣತಿಗಳಲ್ಲಿ ದ್ವೀಪದ ಎರಡೂ ಭಾಗಗಳು ಸೇರಿ 70 ಲಕ್ಷವನ್ನು ಆಗಷ್ಟೆ ದಾಟಿದ್ದವು. 180 ವರ್ಷಗಳ ಹಿಂದಿನ ಸಂಖ್ಯೆ ಇನ್ನೂ ಬಂದಿರಲಿಲ್ಲ. ಹೀಗಾಗಿ ಆ ನಾಡಿನ ಯಾವ ಹಾದಿಯಲ್ಲಿ ನಡೆದರೂ ಮಾಡಿಲ್ಲದ ಒಂದು ಮನೆ ಕಣ್ಣಿಗೆ ಬೀಳುವುದುಂಟು. ಗಣರಾಜ್ಯದ 2022ರ ಗಣತಿಯಲ್ಲಿ ಬೇಸಗೆಯ ಬಿಡಾರಗಳನ್ನು ಬಿಟ್ಟು 1,66,752 ಮನೆಗಳು ಖಾಲಿಯಿದ್ದವು. ಅವುಗಳಲ್ಲಿ 48,387 ಮನೆಗಳು ಆರು ವರ್ಷಗಳ ಹಿಂದಣ ಗಣತಿಯಲ್ಲೂ ಖಾಲಿಯೇ ಆಗಿದ್ದವು. ಅದೇ ವೇಳೆಗೆ ಡಬ್ಲಿನ್ ನಗರದಲ್ಲಿ ದುಡಿಯುವ ತರುಣರಿಗೆ ತಲೆಯ ಮೇಲೊಂದು ಸೂರು ದೊರೆಯುವುದು ದುಸ್ತರವಾಗಿತ್ತು. ಒಂದು ಕಡೆ ಜನವಿಲ್ಲದ ಮನೆ, ಮತ್ತೊಂದು ಕಡೆ ಮನೆಯಿಲ್ಲದ ಜನ.

ಸರ್ಕಾರ ಕೋಲನ್ನೂ ಹಿಡಿದಿದೆ. 1990ರ ಕಾಯಿದೆಯಂತೆ ಪಾಳುಬಿಟ್ಟ ನಿವೇಶನಕ್ಕೆ ವರ್ಷಕ್ಕೆ ಅದರ ಬೆಲೆಯ ನೂರಕ್ಕೆ ಏಳರಷ್ಟು ಕಂದಾಯ. ಖಾಲಿ ಮನೆಗಳಿಗೆ 2023ರಿಂದ ಬೇರೆ ತೆರಿಗೆ. ಅದರ ವಿಚಾರ ಹಾಗಿರಲಿ.

ನನ್ನ ಶಿಷ್ಯನ ಅಧೈರ್ಯದ ಕಾರಣ ಯೋಜನೆಯ ಇನ್ನೊಂದು ಮೂಲೆಯಲ್ಲಿತ್ತು. ಆರಂಭದ ನಿಯಮದಂತೆ ಹಣ ಕೈಸೇರುವುದು ಕೆಲಸವೆಲ್ಲ ಮುಗಿದು, ಸ್ಥಳೀಯ ಸಂಸ್ಥೆಯವರು ಬಂದು ನೋಡಿ ಒಪ್ಪಿದ ಮೇಲೆ. ಮೊದಲ ಕಲ್ಲಿನಿಂದ ಕಡೆಯ ಹಲಗೆಯವರೆಗೆ ಎಲ್ಲ ವೆಚ್ಚವನ್ನೂ ಮನೆಯವನೇ ಹಾಕಿಕೊಳ್ಳಬೇಕು. ವಾಸಕ್ಕೆ ಯೋಗ್ಯವಲ್ಲದ ಮನೆಯ ಮೇಲೆ ಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತದೆ. ವಾಸಕ್ಕೆ ಯೋಗ್ಯವಾಗಬೇಕಾದರೆ ಸಾಲ ಬೇಕು. 2024ರಲ್ಲಿ ಸ್ಥಳೀಯ ಸಂಸ್ಥೆಗಳ ಸಾಲವನ್ನು ಇಂಥ ಮನೆಗಳಿಗೂ ವಿಸ್ತರಿಸಿದ್ದು ಒಳ್ಳೆಯ ಹೆಜ್ಜೆ. ಆದರೂ ಮೂಲದ ಏರ್ಪಾಡು ಬಾಯಾರಿದವನಿಗೆ ಬಾವಿ ತೋಡಿ ಮುಗಿಸಿದ ಮೇಲೆ ನೀರು ಕೊಡುತ್ತೇನೆಂದಂತೆ. ಹಣವಿದ್ದವನಿಗೆ ಅದು ಅನುಕೂಲ. ಇಲ್ಲದವನಿಗೆ ಸುದ್ದಿ ಮಾತ್ರ.

ಗೋರ್ಟ್ ಎಂದೊಡನೆ ಸಾಹಿತ್ಯದ ಓದುಗರಿಗೆ ಯೇಟ್ಸ್ ಕವಿಯ ನೆನಪು ಬಾರದಿರದು. ಆ ಪಟ್ಟಣದ ಹತ್ತಿರ, ಬ್ಯಾಲಿಲೀ ಎಂಬಲ್ಲಿ, ತೊರೆಯ ದಡದ ಮೇಲೆ ಒಂದು ಹಳೆಯ ಬುರುಜು ಪಾಳುಬಿದ್ದಿತ್ತು. ಜಮೀನುಗಳನ್ನು ಹಂಚುತ್ತಿದ್ದ ಸರ್ಕಾರಿ ಮಂಡಲಿಯೊಂದರಿಂದ ಯೇಟ್ಸ್ 1917ರಲ್ಲಿ ಅದನ್ನು 35 ಪೌಂಡುಗಳಿಗೆ ಕೊಂಡನು. ಮದುವೆಯಾದುದೂ ಆ ವರ್ಷವೇ. ಊರ ಕುಶಲಿಗರನ್ನು ಹಿಡಿದು, ಉಪನ್ಯಾಸಗಳಿಂದ ಬಂದ ಹಣವನ್ನು ಸುರಿದು ಅದನ್ನು ಸ್ವಲ್ಪಸ್ವಲ್ಪವಾಗಿ ಎತ್ತಿ ನಿಲ್ಲಿಸಿದನು. ಬೇಸಗೆಗಳನ್ನು ಸಂಸಾರದೊಡನೆ ಅಲ್ಲಿ ಕಳೆದನು. 1928ರ ಅವನ ಕವನಸಂಗ್ರಹಕ್ಕೆ ಹೆಸರು ಬಂದುದೂ ಆ ಬುರುಜಿನಿಂದಲೇ. ಅವನು ಹೋಗುವುದನ್ನು ಬಿಟ್ಟ ಮೇಲೆ ಬುರುಜು ಮತ್ತೆ ಪಾಳಾಯಿತು. 1965ರಲ್ಲಿ, ಕವಿಯ ಜನ್ಮಶತಾಬ್ದಿಯ ವರ್ಷ, ಊರಿನವರ ಸಂಘವೊಂದು ಸರ್ಕಾರದ ಪ್ರವಾಸ ಇಲಾಖೆಯ ನೆರವಿನಿಂದ ಅದನ್ನು ಎರಡನೆಯ ಬಾರಿ ಎತ್ತಿ ನಿಲ್ಲಿಸಿತು. 2009ರಲ್ಲಿ ತೊರೆ ಒಳನುಗ್ಗಿ ಬಾಗಿಲು ಮುಚ್ಚಿತು. ಊರಿನವರೇ ಮತ್ತೆ 2015ರಲ್ಲಿ ತೆರೆದರು.

ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಕೂಲ್ ಎಂಬ ಮನೆಯಿತ್ತು. ಯೇಟ್ಸನ ಗೆಳತಿ, ನಾಟಕಕರ್ತ್ರಿ ಲೇಡಿ ಗ್ರೆಗರಿಯ ಮನೆ ಅದು; ಐರಿಷ್ ಸಾಹಿತ್ಯದ ಪುನರುಜ್ಜೀವನ ಬಹುಪಾಲು ಅದರ ಊಟದ ಮೇಜಿನ ಸುತ್ತ ನಡೆಯಿತೆಂದರೆ ತಪ್ಪಾಗಲಾರದು. 1927ರಲ್ಲಿ ಸರ್ಕಾರ ಅದನ್ನು ಕೊಂಡಿತು. ಆಕೆ ತನ್ನದೇ ಮನೆಯಲ್ಲಿ ಬಾಡಿಗೆಯವಳಾಗಿ ಬಾಳಿ 1932ರಲ್ಲಿ ತೀರಿಕೊಂಡಳು. 1941ರಲ್ಲಿ ಮನೆಯನ್ನು ಕೆಡವಲಾಯಿತು. ಬಂದ ಲೇಖಕರು ತಮ್ಮ ಹೆಸರಿನ ಅಕ್ಷರಗಳನ್ನು ಕೆತ್ತಿದ ಮರವೊಂದು ಮಾತ್ರ ತೋಟದಲ್ಲಿ ಉಳಿದಿದೆ. 35 ಪೌಂಡಿನ ಪಾಳುಬುರುಜು ನಿಂತಿತು, ಸರ್ಕಾರದ ವಶದಲ್ಲಿದ್ದ ಗಟ್ಟಿಮನೆ ಹೋಯಿತು. ಒಂದಕ್ಕೆ ಬೇಕೆನ್ನುವ ಜನವಿತ್ತು, ಇನ್ನೊಂದರಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ.

ಆ ಬಳಗದ ಒಂದು ಎಳೆ ನಮ್ಮ ಮಲೆನಾಡಿನ ಒಂದು ಮನೆಗೂ ಬಂದು ತಗುಲುತ್ತದೆ. ಅವರ ಜೊತೆಗಾರನಾಗಿದ್ದ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ 1915ರಲ್ಲಿ ಭಾರತಕ್ಕೆ ಬಂದನು. 1924ರಲ್ಲಿ ಮೈಸೂರಿನಲ್ಲಿ ತರುಣ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಕವಿತೆಗಳನ್ನು ಅವನಿಗೆ ತೋರಿಸಲು ಹೋದುದೂ, ನಿನ್ನ ಭಾಷೆಯಲ್ಲಿ ಬರೆ ಎಂದು ಅವನು ಹೇಳಿ ಕಳುಹಿಸಿದುದೂ ಕನ್ನಡಿಗರೆಲ್ಲರಿಗೂ ತಿಳಿದ ಕಥೆ. ಆ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರ ಕುಪ್ಪಳಿಯ ಮನೆಯನ್ನು ಜೀರ್ಣೋದ್ಧಾರ ಮಾಡಿ ಕವಿಮನೆಯೆಂದು ಇಂದು ಕಾಪಾಡಲಾಗಿದೆ. ತೊಟ್ಟಿಯನ್ನೂ ಕಂಬಗಳನ್ನೂ ನೋಡಿ ಮಕ್ಕಳು ಬೆರಗಾಗುವುದನ್ನು ನಾನು ಕಂಡಿದ್ದೇನೆ; ಸಂತೋಷಪಟ್ಟಿದ್ದೇನೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು ಕೆಡವತೊಡಗಿದಾಗ, 2011ರಲ್ಲಿ, ಜನ ಕೂಗೆತ್ತಿದ್ದರಿಂದ ಅದೂ ಉಳಿಯಿತು. 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇವು ಆಗಬೇಕಾದ ಕೆಲಸಗಳೇ. ಆದರೆ ಕವಿಯೊಬ್ಬನು ಬೆಳೆದ ಪುಣ್ಯದಿಂದ ಒಂದು ಮನೆ ಉಳಿಯುವಲ್ಲಿ, ಅದೇ ಬಚ್ಚು, ಅದೇ ಮರಗೆಲಸದ ನೂರು ಮನೆಗಳು, ಕವಿ ಬೆಳೆಯದ ತಪ್ಪಿಗೋ ಎಂಬಂತೆ, ಸುತ್ತಲೂ ಕುಸಿಯುತ್ತಿವೆ. ಉಳಿದುದರಲ್ಲಿಯೂ ಒಲೆ ಉರಿಯುವುದಿಲ್ಲ.

ನಮ್ಮಲ್ಲಿ ಮನೆಗೆ ಸರ್ಕಾರ ಹಣ ಕೊಡುವುದಿಲ್ಲವೇ? ಧಾರಾಳವಾಗಿ ಕೊಡುತ್ತದೆ. 2016ರಲ್ಲಿ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಾಗ ಬಯಲು ಸೀಮೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದರು. ಕನಿಷ್ಠ 25 ಚದರ ಮೀಟರಿನ ಮನೆ. 2024ರಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆಯಾಯಿತು. ಹಣ ಕಂತುಗಳಲ್ಲಿ, ಮನೆ ಎದ್ದಂತೆ ಎದ್ದಂತೆ, ಫಲಾನುಭವಿಯ ಖಾತೆಗೆ ಬೀಳುತ್ತದೆ. ಕೈಯಲ್ಲಿ ಕಾಸಿಲ್ಲದವನೂ ಕೆಲಸ ತೊಡಗಬಹುದಾದ ಈ ಕ್ರಮದಲ್ಲಿ ನಾವು ಐರ್ಲೆಂಡಿಗಿಂತ ಬುದ್ಧಿವಂತರು. ಆದರೆ ಇದು ಹೊಸ ಮನೆಯ ಮಾತು. 1985ರಲ್ಲಿ ಹುಟ್ಟಿದ ಇಂದಿರಾ ಆವಾಸ್ ಯೋಜನೆಯಲ್ಲಿ ಮುಂದೆ ಕಚ್ಚಾಮನೆಯನ್ನು ಮೇಲ್ದರ್ಜೆಗೇರಿಸಲೂ ಒಂದು ಪಾಲು ಇದ್ದಿತು. ಹೊಸ ಯೋಜನೆಯ ಗಮನವೆಲ್ಲ ಕಟ್ಟುವುದರ ಕಡೆಗೆ ಹರಿಯಿತು. ಹಳೆಯದನ್ನು ಎತ್ತಿ ನಿಲ್ಲಿಸುತ್ತೇನೆಂದು ಹೋದವನು ಅರ್ಜಿಯ ಯಾವ ಅಂಕಣದಲ್ಲಿ ಅದನ್ನು ಬರೆಯಬೇಕು? 2019ರ ಆಗಸ್ಟಿನ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ನಮ್ಮ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಕೊಟ್ಟಿತು, ಭಾಗಶಃ ಹಾನಿಯಾದುದಕ್ಕೂ ಹಾನಿಯ ಪ್ರಮಾಣ ನೋಡಿ ಕೊಟ್ಟಿತು. ಹೊಳೆ ಬಂದು ಕೆಡವಿದರೆ ಕಾಣುವ ಮನೆ, ಹೆಂಚುಹೆಂಚಾಗಿ ಬಿದ್ದರೆ ಕಾಣುವುದಿಲ್ಲ.

ಇಲ್ಲಿ ಓದುಗರೊಬ್ಬರು ಎದ್ದು, ಮನೆಯೇ ಇಲ್ಲದವರು ಲಕ್ಷಾಂತರವಿರುವಾಗ ಪಿತ್ರಾರ್ಜಿತವನ್ನು ಪಾಳುಬಿಟ್ಟು ನಗರದಲ್ಲಿ ಕುಳಿತವರಿಗೆ ಸರ್ಕಾರದ ಹಣವೇಕೆ ಎಂದು ಕೇಳಿಯಾರು. ನ್ಯಾಯವಾದ ಪ್ರಶ್ನೆ. ನಮ್ಮಂಥ ಅಣ್ಣತಮ್ಮಂದಿರಿಗೆ ಕೊಡಲೇಬಾರದು ಎಂದು ಮೊದಲು ನಾನೇ ಹೇಳುತ್ತೇನೆ. ಕೊಡಬೇಕಾದುದು ವಾಸಮಾಡುವವರಿಗೆ. ಮಲೆನಾಡಿನ ಶಾಲೆಗಳಿಗೆ ನೇಮಕವಾದ ಎಷ್ಟೋ ಉಪಾಧ್ಯಾಯಿನಿಯರು ಊರಿನಲ್ಲಿ ಬಾಡಿಗೆಮನೆ ಸಿಕ್ಕದೆ ದಿನವೂ ಬಸ್ಸಿನಲ್ಲಿ ದೂರದ ಪಟ್ಟಣದಿಂದ ಬಂದು ಹೋಗುತ್ತಾರೆ. ಅದೇ ಊರಿನಲ್ಲಿ ಬೀಗ ಹಾಕಿದ ಮನೆಗಳಿರುತ್ತವೆ. 2011ರ ಜನಗಣತಿಯಲ್ಲಿ ಅಂಗಡಿ ಮುಂಗಟ್ಟುಗಳೂ ಸೇರಿ ದೇಶದಲ್ಲಿ 2 ಕೋಟಿ 40 ಲಕ್ಷಕ್ಕೂ ಮಿಕ್ಕ ಕಟ್ಟಡಗಳು ಖಾಲಿಯಿದ್ದವು. ಯಜಮಾನ ಹತ್ತು ವರ್ಷ ಬಾಡಿಗೆಗೆ ಬಿಟ್ಟುಕೊಡುವುದಾದರೆ, ಐರಿಷ್ ನಿಬಂಧನೆಯನ್ನು ಇಟ್ಟು, ನಮ್ಮ ಕಂತಿನ ಪದ್ಧತಿಯಲ್ಲಿ, ಮಾಡಿಗೆ ಮೊದಲ ಕಂತನ್ನು ಕೊಡಲಿ. ಮಾಡು ಭದ್ರವಾದರೆ ಉಳಿದುದು ಕಾಯಬಲ್ಲುದು.

ಕೆಲಸದ ಕ್ರಮವನ್ನೂ ಇಂಜಿನಿಯರರು ಹಳೆಯ ಕೈಗಳಿಂದ ಕೇಳಿ ತಿಳಿಯಬೇಕು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ಹೊಕ್ಕ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಹದಗೆಡುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ಐರ್ಲೆಂಡಿನ ಕಲ್ಲುಗೋಡೆಗಳಿಗೂ ಇದೇ ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಮಲೆನಾಡಿನ ಮಾಡುಗಳಿಗೆ ಏರಿದ ಹೆಂಚುಗಳು ಎಷ್ಟೋ ಕಡೆ ಇಂದಿಗೂ ಗಟ್ಟಿಯಾಗಿಯೇ ಇವೆ. ಅವನ್ನು ಕೈಯಾಡಿಸಬಲ್ಲವರೇ ಕಡಮೆಯಾಗಿದ್ದಾರೆ. ನಮ್ಮ ಊರಿನಲ್ಲಿ ಒಬ್ಬರಿದ್ದಾರೆ. ವಯಸ್ಸು ಎಪ್ಪತ್ತನ್ನು ದಾಟಿದೆ.

ಶಿಷ್ಯನಿಗೆ ಉತ್ತರ ಬರೆದಿದ್ದೇನೆ: ಊರಿನ ಮೇಸ್ತ್ರಿಯೊಬ್ಬನನ್ನು ಕರೆದೊಯ್ದು ತೊಲೆಗಳನ್ನು ತಟ್ಟಿಸಿ ನೋಡು, ಸ್ಥಳೀಯ ಸಂಸ್ಥೆಯ ಸಾಲವನ್ನು ವಿಚಾರಿಸು, ಆಮೇಲೆ ಹೆದರು ಎಂದು. ಬರೆದ ಮೇಲೆ ನನಗೇ ನಾಚಿಕೆಯಾಯಿತು. ನಮ್ಮ ಊರ ಶಾಲೆಯ ಉಪಾಧ್ಯಾಯಿನಿ ನಮ್ಮ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಡುತ್ತೀರಾ ಎಂದು ಹೋದ ವರ್ಷವೇ ಕೇಳಿಸಿದ್ದರು. ಒಪ್ಪಿಗೆಪತ್ರವನ್ನು ಬರೆದು ಮೂವರು ಸಹೋದರರಿಗೂ ಕಳುಹಿಸಿದ್ದೇನೆ. ಇಬ್ಬರ ಸಹಿ ಬಂದಿದೆ. ಮೂರನೆಯವನದನ್ನು ಎದುರುನೋಡುತ್ತಿದ್ದೇನೆ, ಮಳೆಗೆ ಇನ್ನು ಏಳು ವಾರ ಉಳಿದಿದೆ.