ವಾಕ್ಯವನ್ನು ತುಂಡರಿಸಬೇಡಿ

ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿದೊಡನೆ ಕೆಲಸ ಮುಗಿಯಿತೆಂದು ಹಿಗ್ಗಿದವರಲ್ಲಿ ನಾವೂ ಸೇರಿದ್ದೆವು. 1991ರಲ್ಲಿ ಹೊರಬಂದ ಯೂನಿಕೋಡ್ ನಮ್ಮ ಲಿಪಿಗೂ ಸ್ಥಾನ ಕೊಟ್ಟಿತು, ನಿಜ. ಆದರೆ ವಾಕ್ಯದ ಗತಿಯೇನು? ಪ್ರಯಾಣದ ತಂತ್ರಾಂಶ ಬರೆಯುವ ಹಲವರು ಇಂಗ್ಲಿಷ್ ವಾಕ್ಯವನ್ನು ಕತ್ತರಿಸಿ, ತುಂಡುಗಳನ್ನಷ್ಟೇ ಅನುವಾದಕ್ಕೆ ಕೊಡುತ್ತಾರೆ. ಫಲ: 'ಇಂದ ಹುಬ್ಬಳ್ಳಿ, ಗೆ ಧಾರವಾಡ'! ಪ್ರತ್ಯಯವನ್ನು ಹೆಸರಿನ ಬಾಲಕ್ಕೆ ಅಂಟಿಸಿದರೂ 'ಧಾರವಾಡಗೆ' ಆದೀತು. ಹುಬ್ಬಳ್ಳಿಗೆ, ಧಾರವಾಡಕ್ಕೆ ಎಂಬ ಭೇದ ಮೂರನೆಯ ಇಯತ್ತೆಯ ಹುಡುಗನಿಗೂ ಗೊತ್ತು.

ಇದನ್ನೋದಿದ ಕೂಲಿಕಾರ ತಾನೇ ದಡ್ಡನೆಂದು ನಾಚಿ ಇಂಗ್ಲಿಷಿನ ಗುಂಡಿ ಒತ್ತುತ್ತಾನೆ. ಕನ್ನಡಕ್ಕೆ ಗಿರಾಕಿಗಳಿಲ್ಲವೆಂದು ಅತ್ತ ಲೆಕ್ಕ ಬರೆದುಕೊಳ್ಳುತ್ತಾರೆ. ಎಂಥ ನ್ಯಾಯ ಸ್ವಾಮಿ!

ಪೂರ್ತಿ ವಾಕ್ಯವನ್ನೇ ಅನುವಾದಕನ ಕೈಗೆ ಕೊಡಿ. ಹೆಸರು ಕೂರುವ ಜಾಗವನ್ನು ಅವನೇ ಸರಿಸಲಿ. 'ಹೊರಡುವ ಊರು: ಹುಬ್ಬಳ್ಳಿ, ತಲುಪುವ ಊರು: ಧಾರವಾಡ' ಎಂದು ಅವನು ಬರೆದಾನು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.