ಲೋಳೆಸರಕ್ಕೆ ನೀರಿನ ಉಪಚಾರ ಬೇಡ
ಚಿತ್ರದುರ್ಗದ ಹಿರೇಗುಂಟನೂರಿನಂಥ ಮಳೆ ಕಮ್ಮಿಯ ಸೀಮೆಯಲ್ಲಿ ಮನೆಯೊಳಗೆ ಗಿಡ ಸಾಕಬೇಕೆನ್ನುವವರಿಗೆ ನಾನು ಹೇಳುವುದು ಲೋಳೆಸರದ ಹೆಸರನ್ನೇ. ದೃಷ್ಟಿಯಾಗದಿರಲೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು, ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ಅದು ಎಲೆಯ ರಂಧ್ರಗಳನ್ನು ಹಗಲಿನ ಬಿಸಿಲಿಗೆ ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ; ಆಗ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ಸಕ್ಕರೆ ಮಾಡಿಕೊಳ್ಳುತ್ತದೆ. ಹೀಗಾಗಿ ನೀರು ಆವಿಯಾಗಿ ಹೋಗುವುದು ಬಹಳ ಕಡಿಮೆ. ಇಂಥ ಗಿಡಕ್ಕೆ ದಿನಾ ಚೊಂಬು ನೀರು ಸುರಿಯುವುದು ಪ್ರೀತಿಯಲ್ಲ, ಬೇರು ಕೊಳೆಸುವ ಕೆಲಸ. ತಳದಲ್ಲಿ ತೂತಿರುವ ಮಣ್ಣಿನ ಕುಂಡ, ಕೆಂಪುಮಣ್ಣಿಗೆ ಸಮಪಾಲು ದಪ್ಪ ಮರಳು, ಬೆಳಗಿನ ಎಳೆಬಿಸಿಲು ಬೀಳುವ ಕಿಟಕಿ ಇಷ್ಟಿದ್ದರೆ ಸಾಕು. ಬೆರಳಿಟ್ಟು ನೋಡಿ, ಮಣ್ಣು ಒಳಗಿನವರೆಗೂ ಒಣಗಿದ್ದರೆ ಮಾತ್ರ ನೀರು ಕೊಡಿ; ಮಳೆಗಾಲದಲ್ಲಿ ಇನ್ನೂ ಕೈ ಬಿಗಿಹಿಡಿಯಿರಿ. ನೆರಳಲ್ಲಿದ್ದ ಕುಂಡವನ್ನು ಏಕಾಏಕಿ ನಡುಹಗಲ ಬಿಸಿಲಿಗೆ ಇಟ್ಟರೆ ಎಲೆ ಕೆಂಪಗಾಗುತ್ತದೆ, ಮೆಲ್ಲಗೆ ರೂಢಿ ಮಾಡಿಸಬೇಕು. ಬುಡದಲ್ಲಿ ಬರುವ ಮರಿಗಳನ್ನು ಬೇರುಸಮೇತ ಬಿಡಿಸಿ, ಗಾಯ ಒಣಗಿದ ಮೇಲೆ ನೆಟ್ಟು ನೆರೆಮನೆಗೂ ಕೊಡಿ. ಎಲೆ ಕೊಯ್ದರೆ ಮೊದಲು ಹಳದಿ ರಸ ಸೋರಿಹೋಗಲಿ. ಕಹಿಯಾದ ಅದು ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ.