ಶರಾವತಿಯ ಬೆಳಕು ಮತ್ತು ಕಾಣದ ಕೈಗಳು

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು ಸಾಗರ ತಾಲೂಕಿನ ಲಿಂಗನಮಕ್ಕಿಯಲ್ಲಿ ನಿಲ್ಲುತ್ತಾಳೆ. 1964ರ ಈ ಅಣೆಕಟ್ಟಿಗಾಗಿ ಸಾವಿರಾರು ಜನ ಮನೆ, ಗದ್ದೆ, ತೋಟ ಬಿಟ್ಟು ಹೊರಟರು. ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಹೊಸನಗರ ತಾಲೂಕಿನ ಮಾಣಿ ಜಲಾಶಯದ ನೀರಿನಿಂದ ಘಟ್ಟದ ಕೆಳಗಿನ ವಾರಾಹಿ ಭೂಗರ್ಭ ಕೇಂದ್ರ 460 ಮೆಗಾವಾಟ್ ನೀಡಬಲ್ಲದು. ಇಷ್ಟು ತ್ಯಾಗದಿಂದ ಬಂದ ಬೆಳಕನ್ನು ದೂರದ ದೇಶದಲ್ಲಿ ಕುಳಿತವನೊಬ್ಬ ಆರಿಸಬಲ್ಲನೇ?

ಆರಿಸಬಲ್ಲ ಎಂಬುದನ್ನು ಉಕ್ರೇನ್ ಕಂಡಿದೆ. 2015ರ ಡಿಸೆಂಬರ್ 23ರಂದು ಅಲ್ಲಿ ಸುಮಾರು 2.25 ಲಕ್ಷ ಗ್ರಾಹಕರಿಗೆ ವಿದ್ಯುತ್ ಕಡಿತವಾಯಿತು. ದಾಳಿಕೋರರು ಒಳನುಗ್ಗಿದ್ದು ನೌಕರರಿಗೆ ಬಂದ ಇ-ಮೇಲ್ ಮೂಲಕ. ಸಿಬ್ಬಂದಿ ಉಪಕೇಂದ್ರಗಳಿಗೆ ಹೋಗಿ ಸ್ವಿಚ್ಚುಗಳನ್ನು ಕೈಯಿಂದಲೇ ಹಾಕಿದ್ದರಿಂದ ಕೆಲವೇ ಗಂಟೆಗಳಲ್ಲಿ ಬೆಳಕು ಮರಳಿತು.

ನಮ್ಮ ದೇಶವೂ ಇದರಿಂದ ಹೊರತಲ್ಲ. 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಕಂಪ್ಯೂಟರಿನಲ್ಲಿ ದುರುದ್ದೇಶದ ತಂತ್ರಾಂಶ ಪತ್ತೆಯಾಯಿತು. ನಿಯಂತ್ರಣ ವ್ಯವಸ್ಥೆ ಪ್ರತ್ಯೇಕವಿದ್ದುದರಿಂದ ಅದಕ್ಕೆ ಬಾಧೆಯಾಗಲಿಲ್ಲ. 2020ರ ಗಲ್ವಾನ್ ಘರ್ಷಣೆಯ ನಂತರ ಗಡಿಯ ಉದ್ವಿಗ್ನತೆ ವಿದ್ಯುತ್ ಜಾಲಕ್ಕೂ ತಗಲಿತು. ಲಡಾಖ್ ಬಳಿಯ ವಿದ್ಯುತ್ ವಿತರಣಾ ಕೇಂದ್ರಗಳ ಮೇಲೆ ಚೀನಾ ಮೂಲದವರು ನಡೆಸಿದ ಎರಡು ಯತ್ನಗಳು ವಿಫಲವಾದವೆಂದು ಅಂದಿನ ಇಂಧನ ಸಚಿವ ಆರ್.ಕೆ. ಸಿಂಗ್ 2022ರಲ್ಲಿ ತಿಳಿಸಿದರು.

ಶರಾವತಿ ಕೇಂದ್ರದ ಮೇಲೆ ಇಂಥ ದಾಳಿಯಾಗಿದೆಯೆಂದು ನಾವು ಹೇಳುತ್ತಿಲ್ಲ. ಆದರೆ 2016ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಉತ್ಪಾದನೆಯೇ ನಿಂತಿತ್ತು. ಜಲಾಶಯದಲ್ಲಿ ನೀರಿದ್ದರೂ ನಿಯಂತ್ರಣ ಕೈತಪ್ಪಿದರೆ ದೀಪ ಉರಿಯದು ಎಂಬುದೇ ಅದರ ಪಾಠ.

ಆದ್ದರಿಂದ ಅಣೆಕಟ್ಟಿನ ಗೇಟಿಗೆ ಕಾವಲಿದ್ದರೆ ಸಾಲದು, ಪಾಸ್‌ವರ್ಡಿಗೂ ಪೆನ್‌ಡ್ರೈವಿಗೂ ಕಾವಲು ಬೇಕು. ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸುವ ಭರದಲ್ಲಿ, ಕೈಯಿಂದ ಯಂತ್ರ ನಡೆಸಬಲ್ಲ ಅನುಭವಿಗಳನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ನಮ್ಮ ಪಾಲಿನ ಕರ್ತವ್ಯವೂ ಇದೆ. "ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಕರೆಂಟ್ ಕಡಿತ" ಎಂಬ ಮೊಬೈಲ್ ಸಂದೇಶ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡದೆ, ಮೆಸ್ಕಾಂ ಕಚೇರಿಯಲ್ಲೋ 1912ರಲ್ಲೋ ವಿಚಾರಿಸೋಣ. ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸೋಣ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೂ ಇದನ್ನು ಹೇಳಿಕೊಡೋಣ. ಕಳ್ಳನಿಗೆ ದೊಡ್ಡ ಬಾಗಿಲೇ ಬೇಕೆಂದಿಲ್ಲ, ಕಿಂಡಿಯೂ ಸಾಕು.